ಮೂವತ್ತಾರು ಚಿತ್ರಗಳ ಲೆಕ್ಕ

ಬೆಳಗಾವಿಯ ಖಡೇಬಜಾರಿನ ಕಡೆ ಛಾಯಾಚಿತ್ರದ ಸಾಮಾನು ಮಾರುವ ಹಳೆಯ ಅಂಗಡಿಯೊಂದಕ್ಕೆ ಈಚೆಗೆ ಒಂದು ಸಂಜೆ ಹೋಗಿದ್ದೆ. ನನಗಿಂತ ಮೊದಲೇ ಮೂವರು ಕಾಲೇಜು ವಿದ್ಯಾರ್ಥಿಗಳು ಗಲ್ಲೆಯ ಮುಂದೆ ನಿಂತಿದ್ದರು. ಅವರು ಕೇಳುತ್ತಿದ್ದ ವಸ್ತುವಿನ ಹೆಸರು ಕಿವಿಗೆ ಬಿದ್ದಾಗ ನನಗಾದ ಬೆರಗು ಅಷ್ಟಿಷ್ಟಲ್ಲ. ಅವರಿಗೆ ಬೇಕಾಗಿದ್ದುದು ಫಿಲ್ಮಿನ ಸುರುಳಿ. ಅದೂ ಬಣ್ಣದ್ದು, ಮೂವತ್ತಾರು ಚಿತ್ರಗಳದ್ದು. ಅಂಗಡಿಯ ಯಜಮಾನರು ಕನ್ನಡಕವನ್ನು ಹಣೆಗೇರಿಸಿ, “ಯಾಕ್ರಪಾ, ನಿಮ್ಮ ಮೊಬೈಲು ಕೆಟ್ಟಾವೇನು?” ಎಂದು ಕೇಳಿದರು. ಹುಡುಗರು ನಕ್ಕರು. ನಾನು ನಗಲಿಲ್ಲ. ನಾನು ಬಂದುದೂ ಅದೇ ಸುರುಳಿಗಾಗಿ. ಅಂಗಡಿಯಲ್ಲಿ ಉಳಿದಿದ್ದುವು ಎರಡೇ.

ಒಂದು ಅವರಿಗೆ, ಒಂದು ನನಗೆ ಎಂದು ಪಾಲಾಯಿತು. ಹೊರಗೆ ಬಂದ ಮೇಲೆ ಆ ಹುಡುಗರಲ್ಲೊಬ್ಬನು ತನ್ನ ಕ್ಯಾಮರಾವನ್ನು ತೋರಿಸಿದನು. ಅವನ ಸೋದರಮಾವನ ಮದುವೆಗೆ ಕೊಂಡದ್ದಂತೆ. ಹುಡುಗ ಹುಟ್ಟುವ ಮುಂಚಿನ ಯಂತ್ರ. ಗುರಿಯಿಟ್ಟು ಗುಂಡಿ ಒತ್ತುವುದೊಂದನ್ನು ಬಿಟ್ಟರೆ ಹಿಡಿದವನಿಗೆ ಬೇರೆ ಕೆಲಸವಿಲ್ಲದ, ಕೋಟಿನ ಜೇಬಿನಲ್ಲಿ ಅಡಗುವ ಆ ಜಾತಿಯ ಪುಟ್ಟ ಕ್ಯಾಮರಾಗಳನ್ನು ವಾಚಕರಲ್ಲಿ ಅನೇಕರು ಬಲ್ಲರು. ಕಪಾಟಿನ ಮೇಲಿನ ಅಂಕಣದಲ್ಲಿ, ಹಳೆಯ ಲಗ್ನಪತ್ರಿಕೆಗಳ ಕಟ್ಟಿನ ಹಿಂದೆ, ಅಂಥದೊಂದು ಈಗಲೂ ಅನೇಕ ಮನೆಗಳಲ್ಲಿ ಬಿದ್ದುಕೊಂಡಿರಬಹುದು.

ಈ ಮೂವರು ಹುಡುಗರ ಹುಚ್ಚನ್ನು ವರ್ತಮಾನದ ಒಂದು ವಿದ್ಯಮಾನವೆಂದು ಪರಿಗಣಿಸಿ ಬರೆಯಲು ಹೊರಟಿರುವುದಕ್ಕೆ ಕಾರಣವುಂಟು. ಫಿಲ್ಮು ಸತ್ತಿತೆಂದು ಜಗತ್ತೇ ಸಾರಿದ್ದಿತು. ಮನೆಮನೆಗೂ ಕ್ಯಾಮರಾ ತಲುಪಿಸಿದ ಅಮೆರಿಕದ ಕೊಡಾಕ್ ಕಂಪನಿ 2009ರಲ್ಲಿ ತನ್ನ ಹೆಸರುವಾಸಿಯಾದ ಕೊಡಾಕ್ರೋಮ್ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸಿತು. 2012ರ ಜನವರಿಯಲ್ಲಿ ದಿವಾಳಿಯ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ನಮ್ಮ ದೇಶದ್ದೇ ಆದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾಗಿ, 1967ರಿಂದ ‘ಇಂದು’ ಎಂಬ ಹೆಸರಿನಲ್ಲಿ ಫಿಲ್ಮು, ಕಾಗದ, ಎಕ್ಸ್‌ರೇ ಹಾಳೆಗಳನ್ನು ತಯಾರಿಸಿ, ಕೊನೆಗೆ ಬಾಗಿಲು ಹಾಕಿತು. ಸಂಸ್ಕೃತದಲ್ಲಿ ಇಂದು ಎಂದರೆ ಚಂದ್ರ. ನಮಗೆ ಈ ದಿನ. ಆ ಇಂದು ಇಂದು ಇಲ್ಲ. ಹೀಗೆ ತಿಥಿಯ ಊಟವೂ ಮುಗಿದ ಮೇಲೆ ಮನೆಯ ಹಿರಿಯನು ಬಾಗಿಲು ತಟ್ಟಿದಂತೆ, ಫಿಲ್ಮು ಮರಳಿ ಬಂದಿದೆ. 2024ರಲ್ಲಿ ಜಪಾನಿನ ರಿಕೋ ಕಂಪನಿ ಪೆಂಟಾಕ್ಸ್ 17 ಎಂಬ ಹೊಚ್ಚಹೊಸ ಫಿಲ್ಮು ಕ್ಯಾಮರಾವನ್ನೇ ಮಾರುಕಟ್ಟೆಗೆ ಬಿಟ್ಟಿತು. ಒಂದು ಚಿತ್ರದ ಜಾಗದಲ್ಲಿ ಎರಡು ಅರ್ಧಚಿತ್ರಗಳನ್ನು ಅಡಕುವ ಈ ಯಂತ್ರವನ್ನು ನೇರವಾಗಿ ಹಿಡಿದರೆ ಚಿತ್ರ ನಿಲುವಾಗಿ ಬರುತ್ತದೆ, ಮೊಬೈಲಿನಲ್ಲಿ ಬರುವಂತೆ. ಸೊಸೆಯ ಮನಸ್ಸನ್ನು ಅರಿತು ಅತ್ತೆ ಅಡಿಗೆ ಮಾಡುವ ಕಾಲ!

ಇದರಲ್ಲಿ ಒಂದು ಪಾಲು ಬರಿಯ ಷೋಕಿ ಎಂಬುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಉಳಿದ ಪಾಲು ಏನು ಎಂಬುದನ್ನು ಶೋಧಿಸಬೇಕಾದರೆ ಈ ಯಂತ್ರದ ಸ್ವಭಾವವನ್ನೂ, ನಮ್ಮ ಸೀಮೆಗೆ ಅದು ಬಂದ ಬಗೆಯನ್ನೂ ಸ್ವಲ್ಪ ತಿಳಿಯಬೇಕು.

ಬೆಳಗಾವಿಗೆ ಛಾಯಾಚಿತ್ರ ಹೊಸದಲ್ಲ. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಪರಿವ್ರಾಜಕರಾಗಿ ಇಲ್ಲಿಗೆ ಬಂದು, ಮೊದಲು ವಕೀಲ ಭಾಟೆಯವರ ಮನೆಯಲ್ಲಿಯೂ, ಅನಂತರ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿಯೂ ಇಳಿದುಕೊಂಡಿದ್ದರು. ಮಿತ್ರರು ಅವರ ಚಿತ್ರವೊಂದನ್ನು ತೆಗೆಸಬೇಕೆಂದು ಹಟ ಹಿಡಿದರು, ಸ್ವಾಮಿಗಳು ಒಪ್ಪಲಿಲ್ಲ. ಬಹಳ ಒತ್ತಾಯವಾದ ಮೇಲೆ ಇಲ್ಲಿನ ಎಸ್. ಮಹಾದೇವ್ ಅಂಡ್ ಸನ್ ಎಂಬ ಚಿತ್ರಶಾಲೆಯವರ ಕ್ಯಾಮರಾದ ಮುಂದೆ ನಿಂತರು. ಶಿಕಾಗೋದ ಸಭೆಗೆ ಇನ್ನೂ ಸುಮಾರು ಹನ್ನೊಂದು ತಿಂಗಳಿತ್ತು. ಕೈಯಲ್ಲಿ ದಂಡ ಹಿಡಿದು ನಿಂತ ಆ ತರುಣ ಸಂನ್ಯಾಸಿ ಯಾರೆಂದು ಊರಿಗೆ ತಿಳಿಯದು. ಮಿತ್ರರ ಹಟವೊಂದಿಲ್ಲದಿದ್ದರೆ ಆ ನಿಲುವು ನಮಗೆ ದಕ್ಕುತ್ತಿರಲಿಲ್ಲ. ಕೋಟೆಯೊಳಗಿನ ರಾಮಕೃಷ್ಣ ಮಿಷನ್ ಆಶ್ರಮಕ್ಕೆ ಹೋದಾಗಲೆಲ್ಲ ನನಗೆ ಸ್ವಾಮಿಗಳಿಗಿಂತ ಮೊದಲು ಆ ಹಟಮಾರಿ ಅರಣ್ಯಾಧಿಕಾರಿ ನೆನಪಾಗುತ್ತಾರೆ. ಚಿತ್ರ ಉಳಿಯುವುದು ಯಂತ್ರದಿಂದಲ್ಲ, ಇಂಥದು ಉಳಿಯಬೇಕು ಎಂದು ಯಾರಾದರೊಬ್ಬರು ಹಟ ಹಿಡಿದುದರಿಂದ.

ಆದರೆ ಅಂದು ಚಿತ್ರವೆಂದರೆ ಚಿತ್ರಶಾಲೆ, ಚಿತ್ರಶಾಲೆಯೆಂದರೆ ಪೇಟೆ. ಖಾನಾಪುರ ತಾಲೂಕಿನ ಕಾಡಂಚಿನ ರೈತನಿಗೆ ಆ ಮಾತೇ ಇರಲಿಲ್ಲ. ಮಧ್ಯಮ ವರ್ಗದ ಮನೆಗೆ ಮೊದಲು ಬಂದುದು ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ಒಂದು ಸುರುಳಿಗೆ ಹನ್ನೆರಡೇ ಚೌಕ ಚಿತ್ರಗಳು. ಗೋವೆ 1961ರ ಡಿಸೆಂಬರಿನಲ್ಲಿ ವಿಮೋಚನೆಯಾಗುವವರೆಗೆ ಪೋರ್ಚುಗೀಸರ ಆ ನೆಲದಲ್ಲಿ ವಿದೇಶೀ ಸರಕು ಧಾರಾಳವಾಗಿ ಸಿಗುತ್ತಿದ್ದುದರಿಂದ, ಘಟ್ಟದ ಈಚೆಗಿರುವ ನಮ್ಮ ಊರಿನಲ್ಲಿ ಕೆಲವರ ಮನೆಯ ಕ್ಯಾಮರಾ ಎಲ್ಲಿಂದ ಬಂತೆಂದು ಕೇಳುವುದು ಸಭ್ಯತೆಯೆನಿಸುತ್ತಿರಲಿಲ್ಲವೆಂದು ನಮ್ಮ ತಂದೆ ಹೇಳುತ್ತಿದ್ದರು. ಎಂಬತ್ತರ ದಶಕದಲ್ಲಿ ಹಾಟ್‌ಶಾಟ್ ಬಂತು. ಅದರ ಜಾಹೀರಾತಿನ ‘ಖಟಕ್’ ಶಬ್ದ ಮಕ್ಕಳ ಬಾಯಲ್ಲಿ ಆಟವಾಯಿತು. ತೊಂಬತ್ತರ ದಶಕದಲ್ಲಿ ಯಾಷಿಕಾ, ಕೊಡಾಕ್ ಕೆಬಿ 10 ಮುಂತಾದುವು ಬಂದು, ಶಾಲೆಯ ಪ್ರವಾಸ, ಸೀಮಂತ, ಮನೆಯ ವಾಸ್ತುಶಾಂತಿ, ಎಲ್ಲವೂ ಆಲ್ಬಮ್ಮಿಗೆ ಏರಿದುವು.

ನನ್ನ ಕ್ಯಾಮರಾ ಆ ಕಾಲದ್ದೇ. ಮಸ್ಕತ್ತಿನಲ್ಲಿದ್ದ ಭಾವಮೈದುನ 1995ರಲ್ಲಿ ತಂದುಕೊಟ್ಟ ಜಪಾನಿನ ಯಂತ್ರ. 1975ರಲ್ಲಿ ಕೋನಿಕಾ ಕಂಪನಿ ಮಿಂಚುದೀಪವನ್ನು ಕ್ಯಾಮರಾದ ಮೈಯೊಳಗೇ ಕೂಡಿಸಿತು. 1977ರಲ್ಲಿ ಅದೇ ಕಂಪನಿ ತಾನಾಗಿಯೇ ದೂರವನ್ನು ಅಳೆದುಕೊಳ್ಳುವ ಕ್ಯಾಮರಾವನ್ನು ಹೊರತಂದಿತು. ಅವೆರಡರ ಮಕ್ಕಳು ಮೊಮ್ಮಕ್ಕಳೇ ಇವೆಲ್ಲ. ನನ್ನದು ಕಣ್ಣಿಗೆ ಕಾಣದ ಕಿರಣವೊಂದನ್ನು ಮುಂದಕ್ಕೆಸೆದು, ಅದು ಮರಳಿ ಬರುವ ಕೋನದಿಂದ ದೂರವನ್ನು ತಿಳಿಯುತ್ತದೆ. ಈ ಜಾಣತನದಲ್ಲಿ ಒಂದು ಪೆದ್ದತನವೂ ಇದೆ. ಅಕ್ಕಪಕ್ಕದಲ್ಲಿ ಕುಳಿತ ದಂಪತಿಗಳಿಗೆ ಗುರಿಯಿಟ್ಟರೆ ಕಿರಣವು ಇಬ್ಬರ ನಡುವಿನ ಸಂದಿನಿಂದ ತೂರಿ ಹಿಂದಿನ ಗೋಡೆಯನ್ನು ಮುಟ್ಟುತ್ತದೆ. ತೊಳೆದು ಬಂದ ಚಿತ್ರದಲ್ಲಿ ಗಂಡಹೆಂಡಿರ ಮುಖ ಮಸುಕು, ಗೋಡೆಯ ಕ್ಯಾಲೆಂಡರಿನ ಏಕಾದಶಿ ಸ್ಪಷ್ಟ! ಮುಚ್ಚಿದ ಕಿಟಕಿಯ ಗಾಜಿನಿಂದ ಲೋಂಡಾ ರೈಲಿನಲ್ಲಿ ಕುಳಿತು ಕಾಡಿನ ಚಿತ್ರ ತೆಗೆದರೆ ಅದು ಗಾಜನ್ನೇ ಕಾಡೆಂದು ತಿಳಿಯುತ್ತದೆ. ಮಿಂಚುದೀಪದ ಬೆಳಕು ಮೂರು ನಾಲ್ಕು ಮೀಟರಿನಾಚೆ ಸಲ್ಲದು. ದೊಡ್ಡ ಸಭಾಭವನದಲ್ಲಿ ಕೊನೆಯ ಸಾಲಿನಿಂದ ಅದನ್ನು ಮಿಂಚಿಸುವವರು ಎದುರಿನವರ ಬೋಳುತಲೆಯನ್ನು ಬೆಳಗುತ್ತಾರೆ, ಅಷ್ಟೆ. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವುದು ನಮ್ಮ ಸೀಮೆಯ ಶಾಪ. ಜೂನಿನಿಂದ ಸಪ್ಟೆಂಬರಿನವರೆಗೆ ನಾನು ಕ್ಯಾಮರಾವನ್ನು ಬಿಗಿಮುಚ್ಚಳದ ತಗಡಿನ ಡಬ್ಬಿಯಲ್ಲಿ, ಹುರಿದು ಆರಿಸಿದ ಅಕ್ಕಿಯ ಗಂಟಿನೊಡನೆ ಇಡುತ್ತೇನೆ. ಮನೆಯವರು ಇದನ್ನು ಕ್ಯಾಮರಾದ ಚಾತುರ್ಮಾಸ್ಯವೆನ್ನುತ್ತಾರೆ.

ಇನ್ನೊಂದು ವಿಶೇಷ. ಅದರ ಬೆನ್ನಿನಲ್ಲಿ ಪುಟ್ಟ ಗಡಿಯಾರವಿದ್ದು, ಚಿತ್ರದ ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿಗಳಲ್ಲಿ ತಾರೀಖನ್ನು ಅಚ್ಚೊತ್ತುತ್ತದೆ. ಆ ಪಂಚಾಂಗವು 2019ಕ್ಕೆ ಮುಗಿಯುತ್ತದೆ. ತಯಾರಿಸಿದವರಿಗೆ ಅದರಾಚೆಗೂ ಈ ಯಂತ್ರವನ್ನು ಹಿಡಿಯುವವರಿರುತ್ತಾರೆಂಬ ಭರವಸೆ ಇರಲಿಲ್ಲವೆಂದು ತೋರುತ್ತದೆ.

ಈಗ ಖರ್ಚಿನ ಮಾತು. ನಾನು ಕೊಂಡ ಸುರುಳಿಗೆ ಸಾವಿರದ ನೂರು ರೂಪಾಯಿ. ಬಣ್ಣದ ಫಿಲ್ಮನ್ನು ತೊಳೆಯುವುದು ಸುಲಭದ ಕೆಲಸವಲ್ಲ. ದ್ರಾವಣವು ಮೂವತ್ತೆಂಟು ಡಿಗ್ರಿಯ ಹತ್ತಿರ ನಿಂತಿರಬೇಕು, ಮೂರೂಕಾಲು ನಿಮಿಷಕ್ಕೆ ಹೆಚ್ಚುಕಡಿಮೆಯಾಗಬಾರದು. ಒಂದಾನೊಂದು ಕಾಲಕ್ಕೆ ಒಂದು ಗಂಟೆಯಲ್ಲಿ ತೊಳೆದುಕೊಡುತ್ತಿದ್ದ ಅಂಗಡಿಗಳನ್ನು ನಾನು ಊರಿನಲ್ಲಿ ಹುಡುಕಿದೆ. ನಾನು ವಿಚಾರಿಸಿದ ಕಡೆಗಳಲ್ಲಿ ಯಂತ್ರಗಳು ಗುಜರಿಗೆ ಹೋಗಿದ್ದುವು. ಆದುದರಿಂದ ಬೆಂಗಳೂರಿಗೆ ಕಳುಹಿಸುತ್ತೇನೆ. ತೊಳೆಯುವ ಕೂಲಿ, ಅಂಚೆ, ಎಲ್ಲ ಕೂಡಿದರೆ ಗುಂಡಿಯ ಒಂದೊಂದು ಒತ್ತಿಗೆ ಐವತ್ತು ರೂಪಾಯಿಗೆ ಸಮೀಪವಾಗುತ್ತದೆ. ಇಷ್ಟು ಹಣ ತೆತ್ತು, ಹತ್ತು ಹದಿನೈದು ದಿನ ಕಾದು ಪಡೆಯುವುದೇನು? ಜೇಬಿನಲ್ಲಿರುವ ಮೊಬೈಲು ಇದಕ್ಕಿಂತ ಸ್ಪಷ್ಟವಾದ ಚಿತ್ರವನ್ನು ಪುಕ್ಕಟೆಯಾಗಿ, ಈ ಕ್ಷಣದಲ್ಲಿಯೇ ಕೊಡುವುದಿಲ್ಲವೆ?

ಕೊಡುತ್ತದೆ. ಮತ್ತು ಆ ಕ್ಷಣದಲ್ಲಿಯೇ ಊರೆಲ್ಲಕ್ಕೂ ಹಂಚುತ್ತದೆ. ಗಡಿಯಲ್ಲಿ ವಾಸಿಸುವ ನಮಗೆ ಇದರ ಅನುಭವ ಸಾಕಷ್ಟಾಗಿದೆ. 2025ರ ಫೆಬ್ರುವರಿಯಲ್ಲಿ ಬೆಳಗಾವಿಯ ಸಮೀಪ ಬಸ್ಸಿನ ನಿರ್ವಾಹಕರೊಬ್ಬರ ಮೇಲೆ ಭಾಷೆಯ ಕಾರಣದಿಂದ ಹಲ್ಲೆಯಾಯಿತು. ಚಿತ್ರ, ಚಲಚ್ಚಿತ್ರಗಳು ಎರಡೂ ರಾಜ್ಯಗಳಲ್ಲಿ ಹರಿದಾಡಿದುವು. ಅಲ್ಲಿಯ ಬಸ್ಸಿಗೆ ಇಲ್ಲಿ, ಇಲ್ಲಿಯ ಬಸ್ಸಿಗೆ ಅಲ್ಲಿ ಮಸಿ ಬಿತ್ತು. ಕೆಲವು ದಿನ ಅಂತರರಾಜ್ಯ ಬಸ್ಸುಗಳೇ ನಿಂತುವು. ಹಲ್ಲೆ ಖಂಡನೀಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೊಲ್ಲಾಪುರದ ಆಸ್ಪತ್ರೆಗೆ ಹೋಗಬೇಕಾದ ಮುದುಕಿ ನಿಲ್ದಾಣದಲ್ಲಿ ಕುಳಿತದ್ದು ಯಾವ ಚಿತ್ರದಲ್ಲಿಯೂ ಬರಲಿಲ್ಲ. ಚಿತ್ರವು ತೊಳೆಯಲು ಹತ್ತು ದಿನ ಬೇಕಾಗಿದ್ದ ಕಾಲದಲ್ಲಿ ಜನ ಜಗಳವಾಡುತ್ತಿರಲಿಲ್ಲವೆಂದು ನಾನು ಹೇಳುವುದಿಲ್ಲ. ಈ ಊರಿನ ಇತಿಹಾಸ ಬಲ್ಲವರು ಯಾರೂ ಅದನ್ನು ನಂಬಲಾರರು. ಅಂದು ಜಗಳ ತನ್ನ ಊರಿನಲ್ಲಿಯೇ ತಣಿಯಲು ಸ್ವಲ್ಪ ಸಮಯವಿತ್ತು, ಅಷ್ಟೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಹಳೆಯ ಕಾಲವನ್ನು ಹೊಗಳುವ ನಿವೃತ್ತ ಶಿಕ್ಷಕನ ಹರಟೆಯಾಗುತ್ತಿತ್ತು. ಆ ಸುರುಳಿಯನ್ನು ನಾನು ಕೊಂಡುದು ಏತಕ್ಕೆಂಬುದನ್ನು ಹೇಳಬೇಕು.

ಬೆಳಗಾವಿಯಿಂದ ದಕ್ಷಿಣಕ್ಕೆ ಇಪ್ಪತ್ತೈದು ಕಿಲೋಮೀಟರಿನ ಆಚೀಚೆ ಖಾನಾಪುರ. ಹೆಂಚು, ಇಟ್ಟಿಗೆ, ಕುಂಬಾರಿಕೆಗಳ ಊರು, ಮಲಪ್ರಭೆಯ ದಂಡೆ. ಅಲ್ಲಿಂದ ನೈಋತ್ಯಕ್ಕೆ ತಿರುಗಿ ಹೆಮ್ಮಡಗಾ ದಾರಿ ಹಿಡಿದರೆ ಭೀಮಗಡದ ಕಾಡು ಆರಂಭವಾಗುತ್ತದೆ. 2011ರ ಡಿಸೆಂಬರಿನಲ್ಲಿ ಸುಮಾರು 190 ಚದರ ಕಿಲೋಮೀಟರಿನ ಈ ಪ್ರದೇಶ ವನ್ಯಜೀವಿಧಾಮವಾಯಿತು. ತಳೇವಾಡಿ, ಗವಾಳಿ, ಆಮಗಾಂವ, ಕೃಷ್ಣಾಪುರ ಮುಂತಾದ ಹಳ್ಳಿಗಳು ಅದರೊಳಗೆ ಸಿಕ್ಕಿಕೊಂಡುವು. ರಸ್ತೆಯಿಲ್ಲ, ಸೇತುವೆಯಿಲ್ಲ, ಮಳೆಗಾಲದಲ್ಲಿ ಹಳ್ಳಗಳು ದಾರಿ ಕಟ್ಟುತ್ತವೆ. 2024ರ ಜುಲೈಯಲ್ಲಿ ಆಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಬಿದಿರಿನ ಚಟ್ಟದ ಮೇಲೆ ಮಲಗಿಸಿ, ಸುರಿಯುವ ಮಳೆಯಲ್ಲಿ ಕಾಡಿನ ದಾರಿಯಲ್ಲಿ ಮೈಲುಗಟ್ಟಲೆ ಹೊತ್ತು ತಂದ ದೃಶ್ಯವನ್ನು ನಾಡೆಲ್ಲ ನೋಡಿತು. ಅದೂ ಮೊಬೈಲಿನ ಚಿತ್ರವೇ. ಅದರ ಉಪಕಾರವನ್ನು ಮರೆಯಬಾರದು. ಸರಕಾರವು ಸ್ವಇಚ್ಛೆಯಿಂದ ಊರು ಬಿಡುವ ಕುಟುಂಬಗಳಿಗೆ ತಲಾ ಹದಿನೈದು ಲಕ್ಷ ರೂಪಾಯಿ ಕೊಡುವುದಾಗಿ ಹೇಳಿತು. 2025ರಲ್ಲಿ ತಳೇವಾಡಿಯ ಕುಟುಂಬಗಳಿಗೆ ಮೊದಲ ಕಂತು ಮುಟ್ಟಿತು.

ಊರು ಬಿಡುವುದು ಸರಿಯೆ ತಪ್ಪೆ ಎಂಬುದನ್ನು ನಗರದಲ್ಲಿ ಕುಳಿತು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಅಲ್ಲಿಯ ತರುಣರಲ್ಲಿ ಅನೇಕರಿಗೆ ಹೊರಡುವ ಆತುರ. ಮುದುಕರಲ್ಲಿ ಕೆಲವರಿಗೆ ಕಾಲು ಬಾರದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಸೋದರತ್ತೆ ಅಂಥದೊಂದು ಹಳ್ಳಿಯವಳು. 2025ರ ಬೇಸಿಗೆಯಲ್ಲಿ ಅವನು ಬಂದು, “ಸರ್, ಮನೀ ಬಿಡೋಕಿಂತ ಮೊದಲು ಎರಡು ಫೋಟೋ ತೆಗೀಬೇಕು, ನಿಮ್ಮ ಹಳೇ ಕ್ಯಾಮರಾ ತರ್ರಿ. ನಮ್ಮ ಫೋನಿನ್ಯಾಗ ತೆಗೆದದ್ದು ಒಂದೂ ಉಳಿಯೂದಿಲ್ಲ” ಎಂದನು. ಆ ಮಾತು ನನ್ನನ್ನು ಹೊರಡಿಸಿತು.

ನಾನು ಖಾನಾಪುರ ತಾಲೂಕಿನಲ್ಲಿ ಶಿಕ್ಷಕನಾಗಿದ್ದವನು. ಮತದಾರರಿಗೆ ಭಾವಚಿತ್ರದ ಗುರುತುಚೀಟಿ ಕೊಡುವ ಪದ್ಧತಿ 1993ರಲ್ಲಿ ಆರಂಭವಾದ ಮೇಲೆ, ಅಂಥ ಚಿತ್ರ ತೆಗೆಯುವ ಶಿಬಿರವೊಂದಕ್ಕೆ ನನ್ನನ್ನೂ ನೇಮಿಸಿದ್ದರು. ಶಾಲೆಯ ಗೋಡೆಗೆ ಬಟ್ಟೆ ಕಟ್ಟಿ, ಮರದ ಕುರ್ಚಿಯ ಮೇಲೆ ಒಬ್ಬೊಬ್ಬರನ್ನೇ ಕೂಡಿಸುತ್ತಿದ್ದೆವು. ಅರವತ್ತು ದಾಟಿದ ಹೆಂಗಸರು ಜೀವಮಾನದಲ್ಲಿ ಮೊದಲ ಸಲ ಕ್ಯಾಮರಾದ ಮುಂದೆ ಕುಳಿತು ಉಸಿರು ಬಿಗಿಹಿಡಿಯುತ್ತಿದ್ದರು. ಮೂವತ್ತು ವರ್ಷಗಳ ತರುವಾಯ ಆ ಹಳ್ಳಿಯ ಮನೆಯಲ್ಲಿ ಕುಳಿತು, ಸೋದರತ್ತೆಯ ತೀರಿಹೋದ ಗಂಡನ ಚಿತ್ರವನ್ನು ತೋರಿಸೆಂದಾಗ ಅವಳು ಒಳಗಿನಿಂದ ತಂದುದು ಅಂಥದೇ ಚೀಟಿ. ಹೆಬ್ಬೆರಳಿನ ಉಗುರಿನಷ್ಟು ಮುಖ. ಅದನ್ನೇ ಹಿಗ್ಗಿಸಿ ಕಟ್ಟು ಹಾಕಿಸಿದ್ದಾರೆ. ಮುಖದ ಅಡ್ಡಕ್ಕೆ ಸರಕಾರದ ಮೊಹರಿನ ಗೆರೆಯೊಂದು ಹಾಗೆಯೇ ಉಳಿದಿದೆ. ಭೀಮಗಡದ ಬಾರಾಪೇಡೆ ಗವಿಗಳಲ್ಲಿ ರಾಟನ್ ಎಂಬವರ ಹೆಸರಿನ ಒಂದು ಅಪೂರ್ವ ಜಾತಿಯ ಬಾವಲಿಯುಂಟು. ವಿಜ್ಞಾನಿಗಳು ಅದರ ಚಿತ್ರಗಳನ್ನು ತೆಗೆದು, ರೆಕ್ಕೆಯ ಅಳತೆಯನ್ನೂ ಬರೆದಿಟ್ಟಿದ್ದಾರೆ. ಒಳ್ಳೆಯದೇ. ಗವಿಯ ನೆರೆಯವರಿಗೆ ಅಷ್ಟು ದಾಖಲೆಯಿಲ್ಲ.

ಮೂವತ್ತಾರೇ ಚಿತ್ರಗಳೆಂದು ಹೇಳಿದಾಗ ಮನೆಯಲ್ಲಿ ಒಂದು ಸಣ್ಣ ಸಭೆಯೇ ಸೇರಿತು. ಅವರ ಮಾತು ಮರಾಠಿ ಕೊಂಕಣಿಗಳು ಬೆರೆತ ಆ ಸೀಮೆಯ ಮಾತು, ನನ್ನದು ಕನ್ನಡ, ಹುಡುಗ ದುಭಾಷಿ. ಏನನ್ನು ತೆಗೆಯಬೇಕು, ಏನನ್ನು ಬಿಡಬೇಕು? ಮೊಬೈಲಿನಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಎಲ್ಲವನ್ನೂ ತೆಗೆದು ಯಾವುದನ್ನೂ ನೋಡದೆ ಇರುತ್ತಿದ್ದೆವು. ತುಳಸಿಕಟ್ಟೆ ಎಂದರು. ಒಲೆ ಎಂದರು. ಭತ್ತದ ಮಡಿ, ಹಲಸಿನ ಮರ, ಶಾಲೆಯ ಗೋಡೆಯ ಮೇಲಿನ ಕರ್ನಾಟಕದ ನಕಾಶೆ, ಎಮ್ಮೆಯ ಗೂಟ. ಮುದುಕಿ ಬಹಳ ಹೊತ್ತು ಸುಮ್ಮನಿದ್ದು, ಹಿತ್ತಿಲಾಚೆಯ ಝರಿಯನ್ನು ತೆಗೆಯಬೇಕೆಂದಳು. ಬೇಸಿಗೆಯಲ್ಲಿ ಅದು ನೆಲದ ಮೇಲಿನ ಒಂದು ತೇವದ ಕಲೆ ಮಾತ್ರ. ಚಿತ್ರದಲ್ಲಿ ಏನೂ ಕಾಣುವುದಿಲ್ಲವೆಂದು ನಾನು ಹೇಳಿದೆ. “ನನಗೆ ಕಾಣುತ್ತದೆ” ಎಂದಳೆಂದು ಹುಡುಗ ಅನುವಾದಿಸಿದನು. ಅವಳನ್ನು ಹೊಸ್ತಿಲಲ್ಲಿ ಕೂಡಿಸಿ ಮೊದಲನೆಯ ಚಿತ್ರ ತೆಗೆದೆ. ಹುಡುಗನೂ ತನ್ನ ಮೊಬೈಲಿನಲ್ಲಿ ಅದನ್ನೇ ತೆಗೆದನು.

ಈಗ ನನ್ನ ತಪ್ಪಿನ ಕಥೆ. ಮೂವತ್ತಾರೂ ಮುಗಿದ ಕೂಡಲೆ ಯಂತ್ರವು ಗುರ್ರೆಂದು ಫಿಲ್ಮನ್ನು ಹಿಂದಕ್ಕೆ ಸುತ್ತತೊಡಗಿತು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಎಲ್ಲವೂ ಸುತ್ತಿಯಾಯಿತೆಂದು ನಾನು ಬೆನ್ನಿನ ಬಾಗಿಲು ತೆರೆದೆ. ಆಗಿರಲಿಲ್ಲ. ನಡುವೆಯೇ ಬ್ಯಾಟರಿ ಸತ್ತಿತ್ತು. ಕಣ್ಣು ಕೋರೈಸುವ ಬಿಸಿಲಿನಲ್ಲಿ ಫಿಲ್ಮಿನ ಕಂದು ಬಣ್ಣದ ಪಟ್ಟಿ ನನ್ನನ್ನು ನೋಡುತ್ತಿತ್ತು. ಥಟ್ಟನೆ ಮುಚ್ಚಿದೆ, ಮುಚ್ಚಿ ಪ್ರಯೋಜನವೇನು? ಹಿಂದಕ್ಕೆ ಸುತ್ತುವಾಗ ಕೊನೆಗೆ ತೆಗೆದ ಚಿತ್ರ ಮೊದಲು ಡಬ್ಬಿಗೆ ಹೋಗುತ್ತದೆ, ಮೊದಲು ತೆಗೆದದ್ದು ಕೊನೆಗೆ. ಹೊರಗೆ ಉಳಿದಿದ್ದುವು ಆರಂಭದ ಚಿತ್ರಗಳು. ಕತ್ತಲಕೋಣೆಯಲ್ಲಿ ಕಂಬಳಿ ಹೊದ್ದು ತೆರೆದಿದ್ದರೆ ಎಲ್ಲವೂ ಉಳಿಯುತ್ತಿತ್ತು. ಮೂವತ್ತು ವರ್ಷ ಕ್ಯಾಮರಾ ಹಿಡಿದವನಿಗೆ ಅಷ್ಟು ತಿಳಿದಿರಬೇಕಾಗಿತ್ತು. ಬೆಂಗಳೂರಿನಿಂದ ತೊಳೆದು ಬಂದಾಗ ಇಪ್ಪತ್ತೊಂದು ಚಿತ್ರಗಳು ಚೆನ್ನಾಗಿದ್ದುವು. ಒಂದು ಅರ್ಧ ಸುಟ್ಟಿತ್ತು. ಹದಿನಾಲ್ಕು ಏನೂ ಇಲ್ಲ. ಹೊಸ್ತಿಲಿನ ಮುದುಕಿ ಆ ಹದಿನಾಲ್ಕರಲ್ಲಿ.

ಹುಡುಗನ ಮೊಬೈಲಿನಲ್ಲಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕೇಳುವ ಹೊತ್ತಿಗೆ ಅವನು ಅದನ್ನು ಕೊಟ್ಟು ಹೊಸದನ್ನು ತಂದಿದ್ದನು. ಹಳೆಯ ಚಿತ್ರಗಳನ್ನು ಎಲ್ಲಿಯೂ ಇಳಿಸಿಕೊಂಡಿರಲಿಲ್ಲ; ಕಾಡಿನಲ್ಲಿ ಸಂಪರ್ಕವಿಲ್ಲದ್ದರಿಂದ ತಾನಾಗಿ ಮೇಲೇರುವ ಪ್ರಶ್ನೆಯೂ ಇರಲಿಲ್ಲ. ಏರಿದ್ದರೂ ಅದು ಬಾಡಿಗೆಯ ಉಗ್ರಾಣ; ಗೂಗಲ್ ಸಂಸ್ಥೆ ಚಿತ್ರಗಳಿಗೆ ಕೊಡುತ್ತಿದ್ದ ಅಪರಿಮಿತವಾದ ಪುಕ್ಕಟೆ ಜಾಗವನ್ನು 2021ರ ಜೂನ್ 1ರಿಂದ ನಿಲ್ಲಿಸಿದುದು ವಾಚಕರಿಗೆ ನೆನಪಿರಬಹುದು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಆ ಕುಟುಂಬ ಊರು ಬಿಟ್ಟಿತು. ಮುದುಕಿ ಈಗ ಖಾನಾಪುರದ ಹತ್ತಿರ ಬಾಡಿಗೆಯ ಮನೆಯಲ್ಲಿದ್ದಾಳೆ, ಆರೋಗ್ಯವಾಗಿದ್ದಾಳೆ. ಅವಳ ಚಿತ್ರವನ್ನು ನಾಳೆಯೂ ತೆಗೆಯಬಹುದು. ಆ ಹೊಸ್ತಿಲಿನಲ್ಲಿ ಕುಳಿತವಳ ಚಿತ್ರವನ್ನು ತೆಗೆಯಲಾಗದು.

ಆದುದರಿಂದ ಫಿಲ್ಮು ಶಾಶ್ವತ, ಮೊಬೈಲು ಕ್ಷಣಿಕ ಎಂಬ ಈಗಿನ ಪ್ರೇಮಿಗಳ ವಾದವನ್ನು ನಾನು ಒಪ್ಪಲಾರೆ. 2019ರ ಆಗಸ್ಟಿನ ನೆರೆಯಲ್ಲಿ ನಮ್ಮ ಜಿಲ್ಲೆಯ ಎಷ್ಟು ಮನೆಗಳ ಆಲ್ಬಮ್ಮುಗಳು ಕೆಸರಾದುವು! ಒದ್ದೆಯಾದ ಚಿತ್ರಗಳನ್ನು ಜನ ಬಿಸಿಲಿಗೆ ಹಾಕಿದರು. ಅವು ಗಾಜಿಗೆ, ಒಂದಕ್ಕೊಂದಕ್ಕೆ ಅಂಟಿ ಸತ್ತುವು. ಅಂಟುವ ಮೊದಲೇ ಶುದ್ಧನೀರಿನಲ್ಲಿ ನೆನೆಸಿಟ್ಟು, ಮೆಲ್ಲಗೆ ಬಿಡಿಸಿ, ನೆರಳಿನಲ್ಲಿ ಬಿಡಿಬಿಡಿಯಾಗಿ ತೂಗಹಾಕಿದರೆ ಅನೇಕವು ಬದುಕುತ್ತಿದ್ದುವು. ಇದನ್ನು ಹೇಳುವವರು ಬೇಕಾಗಿತ್ತು.

ಫಿಲ್ಮು ಸುಳ್ಳಾಡದು ಎಂಬ ಇನ್ನೊಂದು ವಾದವೂ ಇದೆ. ಯಂತ್ರವೇ ಇಲ್ಲದ ಮನುಷ್ಯನ ಮುಖವನ್ನು ಗಣಕವು ಬರೆದುಕೊಡುವ ಈ ಕಾಲದಲ್ಲಿ ನೆಗೆಟಿವ್ ಎಂಬುದು ಕೈಯಲ್ಲಿ ಹಿಡಿಯಬಹುದಾದ ವಸ್ತುವೆಂಬುದು ನಿಜ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಸಂಶಯ ಕಾನೂನಿಗೂ ಇದೆಯೆಂದಾಯಿತು. ಇತ್ತ ಅರಣ್ಯಹಕ್ಕುಗಳ ಕಾಯಿದೆ 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿ ಇದ್ದವರಿಗೆ ಹಕ್ಕು ಕೊಡುತ್ತದೆ; ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರಿನ, ಎಂದರೆ ಎಪ್ಪತ್ತೈದು ವರ್ಷಗಳ ವಾಸವನ್ನು ತೋರಿಸಬೇಕು. ಹಿರಿಯರ ಹೇಳಿಕೆ, ಮನೆ, ಒಡ್ಡು, ಮಡಿಗಳ ಗುರುತು, ಇವೂ ಅಲ್ಲಿ ಸಾಕ್ಷ್ಯವಾಗಬಲ್ಲುವು. ತೊಂಬತ್ತರ ದಶಕದಲ್ಲಿ ನೆಂಟನೊಬ್ಬನು ಸಹಜವಾಗಿ ತೆಗೆದ, ಹಿನ್ನೆಲೆಯಲ್ಲಿ ಮನೆಯ ಮಣ್ಣುಗೋಡೆ ಕಾಣುವ ಒಂದು ಮಸುಕು ಚಿತ್ರಕ್ಕೆ ಅಲ್ಲಿ ಎಷ್ಟು ಬೆಲೆ! ಆದರೆ ನನ್ನ ಕ್ಯಾಮರಾದ ಬೆನ್ನಿನ ಗಡಿಯಾರವನ್ನು ನಾನು ಈ ಕ್ಷಣದಲ್ಲಿಯೇ 1998ಕ್ಕೆ ತಿರುಗಿಸಬಲ್ಲೆ. ಚಿತ್ರದ ಮೂಲೆಯಲ್ಲಿ ಕಿತ್ತಳೆ ಅಂಕಿಗಳು ಸಾಕ್ಷಿ ನುಡಿಯುತ್ತವೆ. ಅಂಕಿಗಿಂತ, ಇದು ಇಂಥವರ ಮನೆ, ನಾನು ಅಲ್ಲಿ ಉಂಡಿದ್ದೆ ಎಂದು ಹೇಳುವ ಮನುಷ್ಯನೇ ಮುಖ್ಯ. ಅವನು ದೂರದ ಊರಿಗೆ ಹೋದ ಮೇಲೆ ಚಿತ್ರವು ಮೂಕವಾಗುತ್ತದೆ.

ಸ್ಥಳಾಂತರದ ಪರಿಹಾರದಲ್ಲಿ ನೆಲಕ್ಕೆ ಬೆಲೆಯುಂಟು, ಮನೆಗೆ ಬೆಲೆಯುಂಟು. ಊರಿನ ನೆನಪಿಗೆಂದು ಒಂದು ಸಾಲನ್ನು ನಾನು ಕಾಣಲಿಲ್ಲ. ನಮ್ಮ ಜಿಲ್ಲೆಗೆ ಈ ಮರೆವು ಹೊಸದಲ್ಲ. ಹಿಡಕಲ್ ಜಲಾಶಯದಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ನೀರು ತೀರ ಇಳಿದ ಬೇಸಿಗೆಗಳಲ್ಲಿ ಮೇಲೆ ಕಾಣಿಸಿಕೊ೦ಡು ಜನ ಜಾತ್ರೆಯಂತೆ ನೋಡಲು ಹೋಗುತ್ತಾರೆ. ಕಲ್ಲಿನ ದೇವರ ಮನೆ ಮರಳಿ ಬರುತ್ತದೆ; ಮಣ್ಣಿನ ಮನುಷ್ಯರ ಮನೆಗಳು ಬರುವುದಿಲ್ಲ. ಭೀಮಗಡದಲ್ಲಿ ಇನ್ನೂ ಕೆಲವು ಹಳ್ಳಿಗಳು ಹೊರಡುವುದೋ ಉಳಿಯುವುದೋ ಎಂಬ ಚರ್ಚೆಯಲ್ಲಿವೆ. ಹೊರಡುವುದಾದರೆ, ಮನೆಯೊಂದಕ್ಕೆ ಹನ್ನೆರಡೇ ಚಿತ್ರಗಳು ಸಾಕು. ಯಾವ ಹನ್ನೆರಡು ಎಂಬುದನ್ನು ಮನೆಯವರೇ ಹೇಳಲಿ. ಯಾವ ಯಂತ್ರದಿಂದ ತೆಗೆದರೂ ಸರಿಯೆ, ಕಾಗದದ ಮೇಲೆ ಮೂರು ಪ್ರತಿಯಾಗಲಿ: ಮನೆಗೊಂದು, ಹೊಸ ಊರಿನ ಶಾಲೆಗೊಂದು, ಪಂಚಾಯತಿಗೊಂದು. ಹಿಂದುಗಡೆ ಪೆನ್ಸಿಲಿನಿಂದ ಹೆಸರು, ಸ್ಥಳ, ತಾರೀಖು. ಹದಿನೈದು ಲಕ್ಷದ ಲೆಕ್ಕದಲ್ಲಿ ಇದು ಚಿಲ್ಲರೆ ಹಣ. ಜಿಲ್ಲೆಯ ಕಾಲೇಜುಗಳಲ್ಲಿ ಹಳೆಯ ಕ್ಯಾಮರಾ ಹಿಡಿದು ಸುರುಳಿಗೆ ಅಲೆಯುವ ಹುಡುಗರಿದ್ದಾರೆಂದು ಮೇಲೆ ಹೇಳಿದೆನಷ್ಟೆ. ಅವರ ಷೋಕಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ನನಗೆ ತೋಚದು.

ಉಳಿದ ಇಪ್ಪತ್ತೊಂದು ಚಿತ್ರಗಳನ್ನು ನಾನು ಹಾಗೆಯೇ ಮೂರು ಪ್ರತಿ ಮಾಡಿಸಿದೆ. ಝರಿಯ ಚಿತ್ರ ಅವುಗಳಲ್ಲಿತ್ತು. ನಾನು ಹೇಳಿದಂತೆಯೇ ಏನೂ ಕಾಣುವುದಿಲ್ಲ: ಒಣ ಎಲೆಗಳು, ಒಂದು ಕಲ್ಲು, ಅದರ ಕೆಳಗೆ ಕಪ್ಪು ಕಲೆ. ಖಾನಾಪುರಕ್ಕೆ ಹೋಗಿ ಕೊಟ್ಟಾಗ ಮುದುಕಿ ಉಳಿದುವುಗಳನ್ನು ಬೇಗಬೇಗನೆ ತಿರುವಿ, ಅದೊಂದನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ತೋರಿಸುತ್ತ ಮೊಮ್ಮಗಳಿಗೆ ಏನನ್ನೋ ವಿವರಿಸತೊಡಗಿದಳು. ಹುಡುಗ ಆ ದಿನ ಕೆಲಸಕ್ಕೆ ಹೋಗಿದ್ದನು, ಅನುವಾದಿಸುವವರು ಇರಲಿಲ್ಲ. ಹೊಸ ಸುರುಳಿಯಲ್ಲಿ ಇನ್ನೂ ಹನ್ನೊಂದು ಚಿತ್ರಗಳಿದ್ದುವು. ಎರಡನ್ನು ಅಲ್ಲಿ ತೆಗೆದೆ. ಬ್ಯಾಟರಿ ಈ ಸಲ ಹೊಸದು.